ಎರಡು ಗ್ರಾಫಿಕ್ಸ್ ಕಾರ್ಡ್, ಒಂದು ಶೇಕಡಾ ಪಾಠ

ಬಾಗಲೂರಿನಲ್ಲಿ ಬೋಧನಾಭ್ಯಾಸದ ವೇಳೆ ಎಂಟನೇ ತರಗತಿಗೆ ಶೇಕಡಾ ಪಾಠ ಮಾಡಲು ನಾನು ಆರಿಸಿಕೊಂಡ ಉದಾಹರಣೆ ಗ್ರಾಫಿಕ್ಸ್ ಕಾರ್ಡ್. ಅನಿಮೇಷನ್ ಕಲಿಯುತ್ತಿರುವ ತಮ್ಮನಿಗೆ ಹೊಸ ಕಂಪ್ಯೂಟರ್ ಬೇಕಿತ್ತು. ಮನೆಯ ಉಳಿತಾಯದ ದೊಡ್ಡ ಪಾಲು ಅದಕ್ಕೇ ಹೋಗುವುದರಿಂದ, ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗುವ ಮೊದಲೇ ಲೆಕ್ಕ ಹಾಕಬೇಕಿತ್ತು.

ಎನ್‌ವಿಡಿಯಾದ ಆರ್‌ಟಿಎಕ್ಸ್ 4080 ಕಾರ್ಡ್ 2022ರ ನವೆಂಬರಿನಲ್ಲಿ ಬಂತು. ಅಮೆರಿಕದಲ್ಲಿ ಘೋಷಿಸಿದ ಬೆಲೆ 1199 ಡಾಲರ್. 2024ರ ಜನವರಿಯಲ್ಲಿ ಬಂದ 4080 ಸೂಪರ್‌ಗೆ 999 ಡಾಲರ್. ಎರಡರಲ್ಲೂ ಮೆಮೊರಿ 16 ಜಿಬಿ, ವಿದ್ಯುತ್ 320 ವ್ಯಾಟ್. ಕೋರ್‌ಗಳು ಮಾತ್ರ 9728 ಮತ್ತು 10240.

“512 ಜಾಸ್ತಿ ಮಿಸ್!” ಎಂದರು ಮಕ್ಕಳು. ಅದನ್ನು 9728ರಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಹೆಚ್ಚಳ ಸುಮಾರು ಶೇ. 5.3. ಬೆಲೆಯ ಇಳಿಕೆ ಶೇ. 16.7. ಅಂದರೆ ಸೂಪರ್‌ಗಿಂತ ಶೇ. 5ಕ್ಕೂ ಹೆಚ್ಚು ಅಗ್ಗವಾಗಿ ಸಿಕ್ಕರೆ ಮಾತ್ರ ಹಳೆಯದನ್ನು ಯೋಚಿಸಬಹುದು.

ಆಗ ಎಎಮ್‌ಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಅನ್ನು ಹಲಗೆಯ ಮೇಲೆ ಬರೆದೆ: 24 ಜಿಬಿ, 355 ವ್ಯಾಟ್, 6144 ಕೋರ್. ಇದರ ಕೋರ್‌ಗಳ ರಚನೆಯೇ ಬೇರೆ; ಆದ್ದರಿಂದ 10240ರ ಜೊತೆ ಶೇಕಡಾ ಹೋಲಿಕೆಗೆ ಅರ್ಥವಿಲ್ಲ. ಕ್ವಿಂಟಾಲ್ ರಾಗಿಯನ್ನು ಲೀಟರ್ ಹಾಲಿನೊಂದಿಗೆ ಹೋಲಿಸಿದಂತೆ. ಇಲ್ಲಿ ಮಾಡುವ ಕೆಲಸವೇ ಅಳತೆಗೋಲು: ಒಂದೇ ದೃಶ್ಯ ರೆಂಡರ್ ಆಗಲು ಎಷ್ಟು ನಿಮಿಷ? ತಮ್ಮ ಬಳಸುವ ಬ್ಲೆಂಡರ್ ತಂತ್ರಾಂಶಕ್ಕೆ ಎನ್‌ವಿಡಿಯಾದ ಆಪ್ಟಿಕ್ಸ್ ಅನುಕೂಲ. ಹಾಗಾಗಿ ಸೂಪರ್ ಅನ್ನೇ ನಿರ್ಧರಿಸಿದೆವು.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಶೇಕಡಾ ಸೂತ್ರಕ್ಕೆ ಮೊದಲು ಎರಡು ಪ್ರಶ್ನೆ ಕೇಳಿಸಿ. ಯಾವುದರ ಮೇಲೆ ಶೇಕಡಾ? ಎರಡೂ ಒಂದೇ ಜಾತಿಯ ಪರಿಮಾಣವೇ?