ಹೂಫ್‌ಡಾರ್ಪ್‌ನಿಂದ ಊರಿಗೆ ಎಷ್ಟು ಗಂಟೆ?

ಹೂಫ್‌ಡಾರ್ಪ್ ಕನ್ನಡಿಗರು ಒಂದು ವಿಷಯದಲ್ಲಿ ಅದೃಷ್ಟವಂತರು. ರೈಲಿನಲ್ಲಿ ಒಂದೇ ಸ್ಟಾಪ್ ದಾಟಿದರೆ ಸ್ಕಿಪೋಲ್ ವಿಮಾನ ನಿಲ್ದಾಣ. ಅಲ್ಲಿಂದ ಬೆಂಗಳೂರಿಗೆ 2019ರಲ್ಲಿ ಕೆಎಲ್‌ಎಂ ನೇರ ವಿಮಾನ ಶುರು ಮಾಡಿತು.

ಹಾಗಾದರೆ ದೂರ ಎಷ್ಟು? ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ: ಸುಮಾರು 7,700 ಕಿ.ಮೀ. ದಾರ ಉಕ್ರೇನಿನ ದಕ್ಷಿಣ ಭಾಗ, ಕ್ಯಾಸ್ಪಿಯನ್ ಸಮುದ್ರ, ಇರಾನ್, ಬಲೂಚಿಸ್ತಾನ ಹಾದು ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ವಿಮಾನಕ್ಕೆ ದಾರದ ಸ್ವಾತಂತ್ರ್ಯವಿಲ್ಲ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾಗಿ ಉಕ್ರೇನಿನ ಆಕಾಶ ಮುಚ್ಚಿದ ಮೇಲೆ ಸುತ್ತು ಹಾಕಲೇಬೇಕಾಯಿತು.

ಹೋಗುವಾಗ ಸುಮಾರು ಒಂಬತ್ತೂವರೆ ಗಂಟೆ. ಬರುವಾಗ ಪಶ್ಚಿಮದ ಮೇಲ್ಗಾಳಿ ಎದುರಾಗುವುದರಿಂದ ಸುಮಾರು ಒಂದು ಗಂಟೆ ಹೆಚ್ಚು. ಗಡಿಯಾರ ಮಾತ್ರ ಬೇರೆಯೇ ಕಥೆ ಹೇಳುತ್ತದೆ. ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಚಳಿಗಾಲದಲ್ಲಿ ಬೆಳಿಗ್ಗೆ 11ಕ್ಕೆ ಹೊರಟವರು ಇಳಿಯುವಾಗ ಬೆಂಗಳೂರಿನಲ್ಲಿ ರಾತ್ರಿ 1 ಗಂಟೆ!

ಆದರೆ "ಅಪ್ಪನಿಗೆ ಹುಷಾರಿಲ್ಲ" ಎಂಬ ಫೋನ್ ಬಂದಾಗ ಬೇಕಾಗುವುದು ಈ ಲೆಕ್ಕವಲ್ಲ, ಮನೆಯಿಂದ ಮನೆಗೆ ಆಗುವ ಲೆಕ್ಕ. ಚೆಕ್-ಇನ್‌ಗೆ 3 ಗಂಟೆ, ಹಾರಾಟ ಒಂಬತ್ತೂವರೆ, ಇಮಿಗ್ರೇಶನ್ ಮತ್ತು ಲಗೇಜಿಗೆ ಒಂದೂವರೆ, ದೇವನಹಳ್ಳಿಯಿಂದ ಮೈಸೂರಿಗೆ 4. ಒಟ್ಟು 18! ದಾವಣಗೆರೆ, ಹುಬ್ಬಳ್ಳಿಯವರು ಇನ್ನೂ ಸೇರಿಸಿಕೊಳ್ಳಿ. ಅಂದು ನೇರ ವಿಮಾನ ಸಿಗದಿದ್ದರೆ ದುಬೈ ಅಥವಾ ದೋಹಾದಲ್ಲಿ ಕಾಯುವ ಹೊತ್ತೂ ಸೇರುತ್ತದೆ.

ಆದ್ದರಿಂದ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡುಗಳ ಅವಧಿ ಇಂದೇ ನೋಡಿಕೊಳ್ಳಿ. ಜೊತೆಗೆ, ಆ 18 ಗಂಟೆ ಅಪ್ಪ ಅಮ್ಮನ ಬಳಿ ಇರಬಲ್ಲ ಒಬ್ಬ ನೆರೆಯವರ ನಂಬರ್ ನಿಮ್ಮ ಫೋನಿನಲ್ಲಿರಲಿ.