ಹಾಯಿಹಡಗಿನ ವಾಸ



1942ರಲ್ಲಿ ತಾನು ಸ್ವತಂತ್ರವೆಂದು ಸಾರಿ ಹೆಸರಾದ ಈಸೂರಿಗೂ ಕಡಲಿಗೂ ನಡುವೆ ಸಹ್ಯಾದ್ರಿಯೇ ಅಡ್ಡವಾಗಿದೆ. ಅಲ್ಲಿಯ ಗದ್ದೆಯ ಬದುವಿನ ಮೇಲೆ ನಿಂತು ಹಾಯಿಹಡಗಿನ ಮಾತೆತ್ತಿದರೆ ಕೇಳಿದವರಿಗೆ ನಗೆ ಬಂದೀತು. ಆದರೂ ಒಂದು ನಂಟುಂಟು. ಅದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಆ ಗಂಡಭೇರುಂಡವೇ ಲಾಂಛನವಾಗಿ ಈಗ ಒಂದು ಹಡಗಿನ ಹಾಯಿಯನ್ನು ಏರಿದೆ.

ಆ ಹಡಗಿನ ಹೆಸರು ‘ಕೌಂಡಿನ್ಯ’. 2025ರ ಮೇ 21ರಂದು ಕಾರವಾರದಲ್ಲಿ ಅದು ನಮ್ಮ ನೌಕಾಪಡೆಯನ್ನು ಸೇರಿತು. ಅಜಂತೆಯ ಒಂದು ಚಿತ್ರವನ್ನು ಆಧರಿಸಿ ಕಟ್ಟಿದ ಇದರ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಯಂತ್ರದ ನೆರವಿಲ್ಲದ ಈ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ತನ್ನು ಮುಟ್ಟಿತು.

ಡಿಸೆಂಬರಿನಲ್ಲಿಯೇ ಏಕೆ ಹೊರಡಬೇಕು? ಚಳಿಗಾಲದಲ್ಲಿ ಅರಬ್ಬೀ ಸಮುದ್ರದ ಮೇಲೆ ಗಾಳಿಯು ಈಶಾನ್ಯದಿಂದ ಬೀಸುವುದು. ಚೌಕದ ಹಾಯಿ ಹಿಂದಿನಿಂದ ಬಂದ ಗಾಳಿಯನ್ನು ತುಂಬಿಕೊಳ್ಳಬಲ್ಲುದು. ಎದುರುಗಾಳಿಯಲ್ಲಿ ಮುಂದೆ ಸಾಗಲಾರದು. ಆದುದರಿಂದ ಹಾಯಿಯ ಪ್ರಯಾಣದಲ್ಲಿ ಮೊದಲ ಸಿದ್ಧತೆಯೆಂದರೆ ಕಾಲವನ್ನು ಅರಿಯುವುದು. ಜೂನ್, ಜುಲೈಗಳಲ್ಲಿ ನಮ್ಮ ಕರಾವಳಿಯ ಯಂತ್ರದೋಣಿಗಳಿಗೂ 61 ದಿನ ಮೀನುಗಾರಿಕೆಗೆ ನಿಷೇಧವುಂಟು. ವಿಹಾರಕ್ಕೆ ಹೊರಡುವವರು ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳುವುದು ಲೇಸು. ದಿನದಲ್ಲಿಯೂ ಇಂತಹದೊಂದು ನಿಯಮವಿದೆ. ಇರುಳಲ್ಲಿ ನೆಲ ಬೇಗ ತಣ್ಣಗಾಗುವುದರಿಂದ ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಿನಿಂದ ನೆಲಕ್ಕೆ ತಿರುಗುತ್ತದೆ. ಮುಂಜಾನೆಯ ಗಾಳಿಯಲ್ಲಿ ಹೊರಟು ಸಂಜೆಯ ಗಾಳಿಯಲ್ಲಿ ಮರಳುವ ಬೆಸ್ತರಿಗೆ ಇದನ್ನು ಯಾವ ಶಾಸ್ತ್ರಜ್ಞನೂ ಹೇಳಿಕೊಡಬೇಕಾಗಿರಲಿಲ್ಲ.

ಎರಡನೆಯ ಸಿದ್ಧತೆ ನೀರಿನದು. ಸುತ್ತಲೂ ನೀರಿದ್ದು ಕುಡಿಯಲು ಹನಿಯಿಲ್ಲದ ಸ್ಥಳ ಕಡಲು. ಒಬ್ಬರ ಕುಡಿಯುವಿಕೆಗೂ ಅಡಿಗೆಗೂ ದಿನಕ್ಕೆ 4 ಲೀಟರೆಂದು ಎಣಿಸಿದರೆ, ಆರು ಮಂದಿಗೆ ಹತ್ತು ದಿನಕ್ಕೆ 240 ಲೀಟರಾಯಿತು. ಗಾಳಿ ಸತ್ತು ಹಡಗು ನಿಂತಲ್ಲಿಯೇ ನಿಲ್ಲುವುದುಂಟಾದ್ದರಿಂದ ಅದರ ಅರ್ಧದಷ್ಟನ್ನು ಹೆಚ್ಚಾಗಿ ಒಯ್ಯತಕ್ಕದ್ದು. ಅದನ್ನೆಲ್ಲ ಒಂದೇ ಪೀಪಾಯಿಯಲ್ಲಿ ತುಂಬಬಾರದು. ಒಂದು ಸೋರಿದರೆ ಇನ್ನೊಂದು ಉಳಿಯಬೇಕು.

ಇನ್ನು ಹಡಗಿನ ಮೇಲಿನ ಬಾಳು. ಹಡಗಿಗೆ ರಾತ್ರಿಯೆಂಬ ವಿರಾಮವಿಲ್ಲ. ಕೆಲವರು ಮಲಗಿದಾಗ ಕೆಲವರು ಎಚ್ಚರವಿದ್ದು, ಸಾಮಾನ್ಯವಾಗಿ ನಾಲ್ಕು ಗಂಟೆಗಳಿಗೊಮ್ಮೆ ಪಹರೆ ಬದಲಾಗುತ್ತದೆ. ಹುರಿ, ದೀಪ, ಚಾಕು ಪ್ರತಿಯೊಂದಕ್ಕೂ ಗೊತ್ತಾದ ಸ್ಥಳವಿರಬೇಕು; ಕತ್ತಲೆಯಲ್ಲಿ ಕೈ ಚಾಚಿದೊಡನೆ ಅದು ಸಿಕ್ಕಬೇಕು. ಓಲಾಟದಿಂದ ವಾಂತಿಯಾಗುವವರು ಒಳಗೆ ಮುದುಡಿ ಮಲಗದೆ, ಮೇಲೆ ಬಂದು ದಿಗಂತವನ್ನು ನೋಡುತ್ತ ಕುಳಿತರೆ ಹಿತವಾಗುವುದು. ಕಷ್ಟವಾದದ್ದು ಇಕ್ಕಟ್ಟಿನ ಸಹವಾಸ. 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಹೊರಟ ‘ತಾರಿಣಿ’ಯಲ್ಲಿ ಆರು ಮಂದಿ ನೌಕಾಧಿಕಾರಿಣಿಯರು ಭೂಮಿಯನ್ನು ಸುತ್ತಿ, 254 ದಿನಗಳ ಮೇಲೆ ಮರಳಿದರು. ಸುಮಾರು 17 ಮೀಟರ್ ಉದ್ದದ ಆ ಹಡಗಿನಲ್ಲಿ ಕೋಪಗೊಂಡವರು ಎದ್ದು ಹೋಗಲು ಬೇರೆ ಮನೆಯಿರಲಿಲ್ಲ.

ಇಷ್ಟೆಲ್ಲ ಕಟ್ಟುಪಾಡಿದ್ದರೆ ವಿಹಾರವೆಂತು ಎಂದು ನೀವು ಕೇಳಬಹುದು. ದಡದಲ್ಲಿ ಮರೆತ ವಸ್ತುವನ್ನು ಕಡಲಿನ ನಡುವೆ ಕೊಳ್ಳಲಾಗದು. ಸಿದ್ಧತೆ ಪೂರ್ಣವಾಗಿದ್ದವರಿಗೆ ಮಾತ್ರ ನಕ್ಷತ್ರಗಳನ್ನು ನೋಡುವ ಬಿಡುವು ದೊರೆಯುವುದು. ಬಲ್ಲ ನಾವಿಕನು ಬಿರುಗಾಳಿ ಎದ್ದ ಮೇಲೆ ಹಾಯಿಯನ್ನು ಮಡಿಸಲು ಓಡುವುದಿಲ್ಲ. ದಿಗಂತ ಕಪ್ಪಾದಾಗಲೇ ಅದನ್ನು ಕಿರಿದುಗೊಳಿಸುತ್ತಾನೆ. ಮಳೆಗೆ ಮೊದಲೇ ಬದು ಕಟ್ಟಿಕೊಳ್ಳುವ ಈಸೂರಿನ ರೈತನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.