ಪ್ಲಾಸ್ಟೀರಸ್: ದಂಗೆಯ ನಾಯಕನೊಬ್ಬನ ಜೀವನ

ಸೈನ್ಯವು ರಾಜ್ಯಭಾರದಲ್ಲಿ ಕೈಹಾಕುವುದು ಇಪ್ಪತ್ತನೆಯ ಶತಮಾನದ ಗ್ರೀಸಿನಲ್ಲಿ ಅಪೂರ್ವವಾದ ಸಂಗತಿಯಾಗಿರಲಿಲ್ಲ. ೧೯೦೯ರಿಂದ ೧೯೬೭ರವರೆಗೆ ಅಲ್ಲಿ ಇಂಥ ದಂಗೆಗಳು ಮತ್ತೆ ಮತ್ತೆ ನಡೆದವು. ಅವುಗಳ ನಾಯಕರಲ್ಲಿ ನಿಕೊಲಾವೊಸ್ ಪ್ಲಾಸ್ಟೀರಸನ ಜೀವನವು ವಿಶೇಷ ಪರಿಶೀಲನೆಗೆ ಅರ್ಹವಾದುದು. ಕೈಗೆ ಬಂದ ಅಧಿಕಾರವನ್ನು ಬಿಟ್ಟುಕೊಟ್ಟವನು ಅವನು. ಅದೇ ಅಧಿಕಾರದ ಕಾಲದಲ್ಲಿ ಆರು ಮಂದಿಯ ಪ್ರಾಣ ತೆಗೆದ ಹೊಣೆಯನ್ನು ಹೊತ್ತವನೂ ಅವನೇ.

ಥೆಸ್ಸಲಿಯ ಕಾರ್ದಿತ್ಸ ಪಟ್ಟಣದಲ್ಲಿ ಹುಟ್ಟಿದ ಅವನು ೧೯೦೩ರಲ್ಲಿ ಸೈನ್ಯವನ್ನು ಸೇರಿ, ಕೆಳಗಿನ ದರ್ಜೆಯಿಂದಲೇ ಮೇಲೇರಿದವನು. ಬಾಲ್ಕನ್ ಯುದ್ಧಗಳಲ್ಲಿ ಅವನಿಗೆ ‘ಕರಿಯ ಸವಾರ’ನೆಂಬ ಹೆಸರು ಬಂದಿತು. ಪ್ರಥಮ ಮಹಾಯುದ್ಧದ ಕಾಲದಲ್ಲಿ ಗ್ರೀಸ್ ದೇಶವು ದೊರೆ ಕಾನ್‌ಸ್ಟಂಟೈನನ ಪಕ್ಷ, ಮುತ್ಸದ್ದಿ ವೆನಿಜೆಲೋಸನ ಪಕ್ಷ ಎಂದು ಇಬ್ಭಾಗವಾದಾಗ ಪ್ಲಾಸ್ಟೀರಸನು ವೆನಿಜೆಲೋಸನ ಕಡೆಗೆ ನಿಂತನು. ಮುಂದಿನ ಎಲ್ಲ ಅನರ್ಥಗಳ ಬೀಜವು ಈ ಒಡಕಿನಲ್ಲಿಯೇ ಇದ್ದಿತು.

೧೯೨೨ರ ಆಗಸ್ಟಿನಲ್ಲಿ ಏಷ್ಯಾ ಮೈನರಿನ ಗ್ರೀಕ್ ಸೇನೆಯು ತುರ್ಕರ ಮುಂದೆ ಮುರಿದು ಬಿದ್ದಿತು. ಎಲ್ಲೆಲ್ಲಿಯೂ ಓಟವೇ ಓಟವಾಗಿದ್ದಾಗ ಪ್ಲಾಸ್ಟೀರಸನ ಎವ್ಝೋನ್ ರೆಜಿಮೆಂಟು ಶಿಸ್ತು ಕೆಡದೆ ಹಿಮ್ಮೆಟ್ಟಿತು. ಕಿಯೋಸ್ ಮತ್ತು ಲೆಸ್ಬೋಸ್ ದ್ವೀಪಗಳಿಗೆ ಬಂದು ಸೇರಿದ ಕುಪಿತ ಸೈನಿಕರು ಸೆಪ್ಟೆಂಬರಿನಲ್ಲಿ ದಂಗೆ ಎದ್ದರು. ಕರ್ನಲ್ ಪ್ಲಾಸ್ಟೀರಸ್, ಕರ್ನಲ್ ಗೊನಾಟಸ್ ಮತ್ತು ನೌಕಾದಳದ ಫೋಕಾಸ್ ಅದರ ಮುಂದಾಳುಗಳಾದರು. ಸೆಪ್ಟೆಂಬರ್ ೨೭ರಂದು ದೊರೆಯು ಸಿಂಹಾಸನವನ್ನು ತ್ಯಜಿಸಿದನು.

ಸೋಲಿಗೆ ಯಾರಾದರೂ ಉತ್ತರ ಹೇಳಲೇಬೇಕೆಂದು ಸೈನ್ಯವು ಹಟ ಹಿಡಿದಿತ್ತು. ಹಿಂದೆ ಪ್ರಧಾನಮಂತ್ರಿಗಳಾಗಿದ್ದ ಗುನಾರಿಸ್, ಸ್ಟ್ರಾಟೋಸ್, ಪ್ರೋಟೋಪಪಡಾಕಿಸ್, ಮಂತ್ರಿಗಳಾಗಿದ್ದ ಬಲ್ಟಾಟ್ಜಿಸ್ ಮತ್ತು ಥಿಯೊಟೋಕಿಸ್, ಸೇನಾಪತಿಯಾಗಿದ್ದ ಹಾಟ್ಜಿಯಾನೆಸ್ಟಿಸ್—ಈ ಆರು ಮಂದಿಗೆ ಸೈನಿಕ ನ್ಯಾಯಸ್ಥಾನವು ರಾಜದ್ರೋಹದ ಅಪರಾಧಕ್ಕಾಗಿ ಮರಣದಂಡನೆ ವಿಧಿಸಿತು. ನವೆಂಬರ್ ೨೮ರಂದು ಅಥೆನ್ಸಿನ ಗೌದಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಗುನಾರಿಸನು ಆಗ ವಿಷಮಶೀತಜ್ವರದಿಂದ ಬಳಲುತ್ತಿದ್ದನು. ಬ್ರಿಟನ್ ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ದೊರೆಯ ತಮ್ಮನಾದ ಆಂಡ್ರ್ಯೂ ರಾಜಕುಮಾರನು ಗಡೀಪಾರಾಗಿ ಜೀವ ಉಳಿಸಿಕೊಂಡನು. ಮುಂದೆ ಇಂಗ್ಲೆಂಡಿನ ರಾಣಿಯ ಪತಿಯಾದ ಫಿಲಿಪ್, ಆಗ ಕೈಗೂಸಾಗಿದ್ದ ಅವನ ಮಗ. ಆ ಆರು ಮಂದಿಯ ಅವಿವೇಕವನ್ನು ಅಲ್ಲಗಳೆಯಲಾಗದು. ಆದರೆ ಯುದ್ಧವನ್ನು ಕೆಟ್ಟದಾಗಿ ನಡೆಸುವುದು ಬೇರೆ, ದೇಶವನ್ನು ಶತ್ರುವಿಗೆ ಮಾರುವುದು ಬೇರೆ. ಈ ಭೇದವನ್ನು ಆ ನ್ಯಾಯಸ್ಥಾನವು ಮರೆಯಿತೆಂದೇ ಈ ಲೇಖಕನ ಅಭಿಪ್ರಾಯ. ೨೦೧೦ರಲ್ಲಿ ಗ್ರೀಸಿನ ಪರಮೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿತು.

ಆದರೂ ಆ ಸರಕಾರವು ಬರಿಯ ಸೇಡಿನ ಸರಕಾರವಾಗಿರಲಿಲ್ಲ. ಹನ್ನೆರಡು ಲಕ್ಷಕ್ಕೂ ಮಿಕ್ಕ ನಿರಾಶ್ರಿತರು ದೇಶದೊಳಕ್ಕೆ ನುಗ್ಗಿದ್ದರು. ಅವರಿಗೆ ನೆಲೆ ಕಲ್ಪಿಸಲು ದೊಡ್ಡ ಜಮೀನುಗಳನ್ನು ವಶಪಡಿಸಿಕೊಂಡು ಹಂಚುವ ಕಾರ್ಯವನ್ನು ಅದು ತ್ವರೆಗೊಳಿಸಿತು. ೧೯೨೩ರಲ್ಲಿ ಲಾಸಾನ್ ಒಪ್ಪಂದವಾಯಿತು. ವರ್ಷದ ಕೊನೆಗೆ ಚುನಾವಣೆ ನಡೆಸಿ, ೧೯೨೪ರ ಜನವರಿಯಲ್ಲಿ ಪ್ಲಾಸ್ಟೀರಸನು ಅಧಿಕಾರವನ್ನು ಹೊಸ ಶಾಸನಸಭೆಗೆ ಒಪ್ಪಿಸಿದನು.

ಆದರೆ ಒಮ್ಮೆ ರುಚಿ ಕಂಡ ಮಾರ್ಗವನ್ನು ಮರೆಯುವುದು ಕಠಿನ. ೧೯೩೩ರ ಮಾರ್ಚಿನ ಚುನಾವಣೆಯಲ್ಲಿ ವೆನಿಜೆಲೋಸನ ಪಕ್ಷವು ಸೋತ ಮರುದಿನವೇ ಅವನು ಮತ್ತೆ ದಂಗೆ ಹೂಡಿದನು. ಅದು ಒಂದು ದಿನವೂ ನಿಲ್ಲಲಿಲ್ಲ. ಬಳಿಕ ಅವನು ಬಹುಕಾಲ ಫ್ರಾನ್ಸಿನಲ್ಲಿ ದೇಶಭ್ರಷ್ಟನಾಗಿ ಇರಬೇಕಾಯಿತು. ೧೯೪೫ರಲ್ಲಿ ಕೆಲವು ತಿಂಗಳು ಅವನು ಪ್ರಧಾನಮಂತ್ರಿಯಾಗಿದ್ದನು. ಅಂತರ್ಯುದ್ಧವು ಮುಗಿದ ಮೇಲೆ ೧೯೫೦ರಲ್ಲಿಯೂ ೧೯೫೧-೫೨ರಲ್ಲಿಯೂ, ಸೋತವರ ವಿಷಯದಲ್ಲಿ ಮೃದುಧೋರಣೆ ಬೇಕೆಂದು ವಾದಿಸಿ, ಜನರ ಮತದಿಂದಲೇ ಅದೇ ಸ್ಥಾನಕ್ಕೆ ಬಂದನು. ಹೀಗಿದ್ದೂ ೧೯೫೨ರ ಮಾರ್ಚ್ ೩೦ರಂದು ಕಮ್ಯೂನಿಸ್ಟ್ ನಾಯಕ ಬೆಲೊಯಾನಿಸ್ ಮತ್ತು ಮೂವರು ಸಂಗಡಿಗರನ್ನು ಗುಂಡಿಟ್ಟು ಕೊಂದಾಗ ಪ್ರಧಾನಮಂತ್ರಿಯಾಗಿದ್ದವನು ರೋಗಪೀಡಿತನಾದ ಪ್ಲಾಸ್ಟೀರಸನೇ. ವಧಾಸ್ಥಾನವೂ ಗೌದಿಯೇ.

೧೯೫೩ರ ಜುಲೈ ೨೬ರಂದು ಅವನು ತೀರಿಕೊಂಡನು. ಆಸ್ತಿಯೆಂಬುದೇನೂ ಇರಲಿಲ್ಲ. ಹುಟ್ಟಿದ ಸೀಮೆಯಲ್ಲಿ ತಾವ್ರೊಪೋಸ್ ನದಿಗೆ ಅಣೆಕಟ್ಟು ಕಟ್ಟಬೇಕೆಂಬುದು ಅವನ ಬಹುಕಾಲದ ಆಸೆಯಾಗಿತ್ತು. ಅವನು ಸತ್ತ ಕೆಲವು ವರ್ಷಗಳ ಮೇಲೆ ಅದು ನೆರವೇರಿತು. ಆ ಜಲಾಶಯಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.